ಟಿವಿ ಗೇಮ್ ಶೋ ನಿರೂಪಣೆ, ಉದ್ಘೋಷಣೆ: ಮೈಸೂರು, ಮಂಡ್ಯದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಲೇಜು ವೇದಿಕೆ, ಆರ್ಕೆಸ್ಟ್ರಾ, ರಾಜ್ಯೋತ್ಸವ, ಗಣಪತಿ ಪೆಂಡಾಲುಗಳಲ್ಲಿ ಮೈಕ್ ಹಿಡಿದು ಅಭ್ಯಾಸವಿದ್ದು, ಮುಂದೆ ಟಿವಿ ಕಡೆ ಹೋಗಬೇಕು ಅನ್ನುವವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹಾಡು, ಕುಣಿತದ ಸ್ಪರ್ಧೆಗಳ ನಿರೂಪಣೆ ಬೇರೆಯದೇ ಕೆಲಸ. ಇಲ್ಲಿರುವುದು ಪ್ರಶ್ನೆ, ಆಟ, ಬಹುಮಾನ ಇರುವ ಕಾರ್ಯಕ್ರಮಗಳ ವಿಚಾರ.

ನಿರೂಪಕರ ಕೆಲಸ ಯಾವುದು, ಉದ್ಘೋಷಕರ ಕೆಲಸ ಯಾವುದು?

ನಿರೂಪಕರು ತೆರೆಯ ಮೇಲಿರುತ್ತಾರೆ. ನಿಯಮ ಹೇಳುವುದು, ಪ್ರಶ್ನೆ ಓದುವುದು, ಸ್ಪರ್ಧಿಯನ್ನು ಮಾತಾಡಿಸುವುದು, ಸಮಯಕ್ಕೆ ಸರಿಯಾಗಿ ಬ್ರೇಕ್‌ಗೆ ಹೋಗುವುದು ಅವರ ಹೊಣೆ. ಉದ್ಘೋಷಕರದು ಬರೀ ದನಿ. ಶೋ ಶುರುವಾಗುವಾಗಿನ ಸಾಲುಗಳು, ಸ್ಪರ್ಧಿಗಳ ಪರಿಚಯ, ಬಹುಮಾನದ ವಿವರಣೆ, ಪ್ರಾಯೋಜಕರ ಹೆಸರು, ಕೊನೆಯ ಸಾಲು, ಇಷ್ಟು ಅವರ ಪಾಲು.

ಅಮೆರಿಕದಲ್ಲಿ ಇವೆರಡೂ ಮೊದಲಿನಿಂದ ಬೇರೆ ಬೇರೆ ಹುದ್ದೆಗಳು. ‘ಜೆಪರ್ಡಿ’ ಎಂಬ ಕ್ವಿಜ್ ಶೋನಲ್ಲಿ 1984ರಿಂದ 2020ರವರೆಗೆ ವೇದಿಕೆಯ ಮೇಲೆ ಅಲೆಕ್ಸ್ ಟ್ರೆಬೆಕ್ ಇದ್ದರೆ, ಅವರನ್ನು ಕರೆಯುತ್ತಿದ್ದ ದನಿ ಜಾನಿ ಗಿಲ್ಬರ್ಟ್ ಅವರದು. ‘ದ ಪ್ರೈಸ್ ಈಸ್ ರೈಟ್’ನಲ್ಲಿ 1972ರಿಂದ 1985ರವರೆಗೆ ಪ್ರೇಕ್ಷಕರ ನಡುವಿನಿಂದ ಸ್ಪರ್ಧಿಗಳನ್ನು ಕೂಗಿ ಕರೆದ ಜಾನಿ ಓಲ್ಸನ್, ಶೂಟಿಂಗ್‌ಗೆ ಮುಂಚೆ ಜನರನ್ನು ನಗಿಸಿ ಹುರಿದುಂಬಿಸುವ ಕೆಲಸವನ್ನೂ ಮಾಡುತ್ತಿದ್ದರು.

ಕನ್ನಡದಲ್ಲಿ ಉದ್ಘೋಷಣೆಯನ್ನು ಹೆಚ್ಚಾಗಿ ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗ್ ಸ್ಟುಡಿಯೊದಲ್ಲಿ ಕಂಠದಾನ ಕಲಾವಿದರಿಂದ ಮಾಡಿಸುತ್ತಾರೆ. ಹಾಗಾಗಿ ಗೇಮ್ ಶೋ ಉದ್ಘೋಷಣೆ ಒಂದನ್ನೇ ನಂಬಿ ಮನೆ ನಡೆಸುವುದು ಕಷ್ಟ. ಜಾಹೀರಾತು, ಪ್ರೋಮೊ, ಡಬ್ಬಿಂಗ್, ಸಾರ್ವಜನಿಕ ಪ್ರಕಟಣೆ ಎಲ್ಲ ಸೇರಿದರೆ ಒಂದು ಬದುಕು. ದೂರದರ್ಶನದ ನಿರೂಪಕಿಯಾಗಿ ಮನೆಮಾತಾಗಿದ್ದ ಅಪರ್ಣಾ ಅವರು 2024ರಲ್ಲಿ ತೀರಿಕೊಂಡರು. ‘ನಮ್ಮ ಮೆಟ್ರೊ’ದ ಕನ್ನಡ ಪ್ರಕಟಣೆಗಳ ದನಿಯೂ ಅವರದೇ. ಅಕ್ಷರ ಬಿಡಿಬಿಡಿಯಾಗಿ ಕೇಳಿಸಬೇಕು, ಆದರೂ ಒರಟಾಗಬಾರದು ಎಂದರೆ ಏನು ಎಂದು ತಿಳಿಯಬೇಕಾದವರು ಅವರ ದನಿಯನ್ನು ಗಮನವಿಟ್ಟು ಕೇಳಲಿ.

ಸಿನಿಮಾ ನಟರಲ್ಲದವರಿಗೆ ಅವಕಾಶ ಇದೆಯೆ?

ನೇರವಾಗಿ ಹೇಳಬೇಕು: ರಾತ್ರಿ ಪ್ರೈಮ್ ಟೈಮಿನ ದೊಡ್ಡ ಶೋಗಳಿಗೆ ವಾಹಿನಿಗಳು ತಾರೆಯರನ್ನೇ ಹುಡುಕುತ್ತವೆ. 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾದಾಗ ಆ ಕುರ್ಚಿಯಲ್ಲಿ ಕೂತವರು ಪುನೀತ್ ರಾಜ್‌ಕುಮಾರ್. ಮುಂದಿನ ಒಂದು ಆವೃತ್ತಿಯನ್ನು ರಮೇಶ್ ಅರವಿಂದ್ ನಡೆಸಿದರು. ಆ ಕುರ್ಚಿಯೇ ಬೇಕೆಂದು ಹಟ ಹಿಡಿದರೆ ಹತ್ತು ವರ್ಷ ಕಾದರೂ ಕಾಯಬೇಕಾದೀತು.

ಆದರೆ ಗೇಮ್ ಶೋ ಲೋಕ ಅದಕ್ಕಿಂತ ಅಗಲವಾಗಿದೆ. ಮಧ್ಯಾಹ್ನದ ಮಹಿಳೆಯರ ಆಟಗಳು, ಮಕ್ಕಳ ಕ್ವಿಜ್, ಹಬ್ಬದ ವಿಶೇಷಗಳು, ಯೂಟ್ಯೂಬ್ ವಾಹಿನಿಗಳು, ಬ್ಯಾಂಕು ಮತ್ತು ಕಂಪನಿಗಳು ನಡೆಸುವ ಕ್ವಿಜ್‌ಗಳು ಇವೆ. ಚಂದನ ವಾಹಿನಿಯಲ್ಲಿ 2002ರಿಂದ ನಡೆದುಬಂದ ‘ಥಟ್ ಅಂತ ಹೇಳಿ’ಯನ್ನು ಕಟ್ಟಿದ ನಾ. ಸೋಮೇಶ್ವರ ಅವರು ವೃತ್ತಿಯಿಂದ ವೈದ್ಯರು. ಅಲ್ಲಿ ಬಹುಮಾನ ಪುಸ್ತಕಗಳು. ಹಣವಿಲ್ಲ, ಥಳಕಿನ ಸೆಟ್ ಇಲ್ಲ, ಆದರೂ ಜನ ಸಾವಿರಾರು ಸಂಚಿಕೆ ಕೂತು ನೋಡಿದರು. ಪ್ರಶ್ನೆಯ ಬಗ್ಗೆ ನಿರೂಪಕರಿಗೇ ನಿಜವಾದ ಆಸಕ್ತಿ ಇದ್ದದ್ದು ಅದಕ್ಕೆ ಮುಖ್ಯ ಕಾರಣ ಎಂದು ನಮ್ಮ ನಂಬಿಕೆ. ಟ್ರೆಬೆಕ್ ಕೂಡ ಮೊದಲು ಕೆನಡಾದಲ್ಲಿ ಸುದ್ದಿ ಓದುತ್ತಿದ್ದವರು. ಅಮೆರಿಕದ ಇನ್ನೊಂದು ಗೇಮ್ ಶೋ ‘ವ್ಹೀಲ್ ಆಫ್ ಫಾರ್ಚೂನ್’ಗೆ 1981ರಲ್ಲಿ ಬಂದು 2024ರವರೆಗೆ ಇದ್ದ ಪ್ಯಾಟ್ ಸೇಜಕ್ ಹವಾಮಾನ ವರದಿ ಹೇಳುತ್ತಿದ್ದವರು.

ಮೈಸೂರಿನಲ್ಲೇ ಇದ್ದುಕೊಂಡು ಎಲ್ಲಿಂದ ಶುರುಮಾಡಬಹುದು?

ಆಕಾಶವಾಣಿಯಿಂದ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಊರು ಇದು. ದೇಶದ ರೇಡಿಯೊಗೆ ‘ಆಕಾಶವಾಣಿ’ ಎಂಬ ಹೆಸರು ಹೋದದ್ದೂ ಇಲ್ಲಿಂದಲೇ. ಈಗ ಯಾದವಗಿರಿಯಲ್ಲಿರುವ ನಿಲಯ 100.6 ಎಫ್‌ಎಂನಲ್ಲಿ ಕೇಳಿಸುತ್ತದೆ. ಬೇಕಾದಾಗ ಕ್ಯಾಶುಯಲ್ ಅನೌನ್ಸರ್‌ಗಳಿಗಾಗಿ, ಅಂದರೆ ಕರೆದಾಗ ಬಂದು ಕೆಲಸ ಮಾಡುವ ತಾತ್ಕಾಲಿಕ ಉದ್ಘೋಷಕರಿಗಾಗಿ, ಅರ್ಜಿ ಕರೆಯುತ್ತಾರೆ. ಪ್ರಕಟಣೆ ರೇಡಿಯೊದಲ್ಲೇ ಬರುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಲಿಖಿತ ಪರೀಕ್ಷೆ, ಆಮೇಲೆ ಧ್ವನಿಪರೀಕ್ಷೆ. ಪ್ರಚಲಿತ ವಿದ್ಯಮಾನ, ಕನ್ನಡ ಸಾಹಿತ್ಯ, ಸಂಗೀತದ ತಿಳಿವಳಿಕೆ ಕೇಳುತ್ತಾರೆ, ಒತ್ತಕ್ಷರ ಮತ್ತು ಮಹಾಪ್ರಾಣ ತುಂಬಿದ ಪಠ್ಯ ಓದಿಸುತ್ತಾರೆ. ಆಯ್ಕೆಯಾದರೂ ತಿಂಗಳಿಗೆ ಕೆಲವೇ ಡ್ಯೂಟಿ ಸಿಗುವುದು, ಅದನ್ನು ಸಂಬಳದ ಕೆಲಸವೆಂದು ತಿಳಿಯಬೇಡಿ. ಅಲ್ಲಿ ಸಿಗುವ ಪಾಠ ದೊಡ್ಡದು. ಗಡಿಯಾರದ ಮುಳ್ಳಿಗೆ ಸರಿಯಾಗಿ ಮಾತು ಮುಗಿಸುವುದನ್ನು ಬೇರೆಲ್ಲೂ ಇಷ್ಟು ಕಟ್ಟುನಿಟ್ಟಾಗಿ ಕಲಿಸುವುದಿಲ್ಲ.

ಖಾಸಗಿ ಎಫ್‌ಎಂ, ಸಮುದಾಯ ಬಾನುಲಿ ಕೇಂದ್ರಗಳು ಎರಡನೆಯ ಬಾಗಿಲು. ಮಾನಸಗಂಗೋತ್ರಿಯ ಪತ್ರಿಕೋದ್ಯಮ ವಿಭಾಗದ ಪದವಿ ಇದ್ದರೆ ಒಳ್ಳೆಯದು. ಆಡಿಷನ್‌ನಲ್ಲಿ ಪದವಿಪತ್ರ ಯಾರೂ ಕೇಳುವುದಿಲ್ಲ. ಹವ್ಯಾಸಿ ರಂಗತಂಡ ಸೇರಿ ಒಂದೆರಡು ನಾಟಕ ಮಾಡಿದರೆ ದೇಹದ ಬಿಗಿ ಹೋಗುತ್ತದೆ. ಯುವ ಸಂಭ್ರಮದಂಥ ದಸರಾ ವೇದಿಕೆಗಳಲ್ಲಿ ಸಾವಿರಾರು ಯುವಕರ ಗದ್ದಲದ ಎದುರು ನಿಂತು ಮಾತಾಡಿದವರಿಗೆ ಸ್ಟುಡಿಯೊದ ಇನ್ನೂರು ಜನ ಹೆದರಿಕೆ ತರುವುದಿಲ್ಲ. ಆದರೆ ವೇದಿಕೆಯ ಕೂಗುದನಿಯನ್ನು ಕ್ಯಾಮೆರಾ ಮುಂದೆ ತಂದರೆ ಕೆಡುತ್ತದೆ; ಇಲ್ಲಿಂದ ಹೋದವರು ಆಡಿಷನ್‌ನಲ್ಲಿ ಬಿದ್ದುಹೋಗುವುದು ಹೆಚ್ಚಾಗಿ ಇದರಿಂದ.

ಮಂಡ್ಯದ ಮಾತು ತೊಡಕಾಗುತ್ತದೆಯೆ?

ಸೊಗಡು ತೊಡಕಲ್ಲ. ‘ಬಂದವ್ರೆ’, ‘ಓಯ್ತೀನಿ’, ‘ಏನ್ ಸಮಾಚಾರ’ ಎನ್ನುವ ಮಾತಿಗೆ ಟಿವಿಯಲ್ಲಿ ಈಗ ಬೆಲೆ ಇದೆ, ಮದ್ದೂರಿನಿಂದ ಬಂದ ಸ್ಪರ್ಧಿ ಆ ಮಾತು ಕೇಳಿದ ಕೂಡಲೇ ಸಡಿಲಾಗುತ್ತಾರೆ. ಹರಟೆಯಲ್ಲಿ ಅದನ್ನು ಉಳಿಸಿಕೊಳ್ಳಿ. ಪ್ರಶ್ನೆ ಓದುವಾಗ, ಹೆಸರು ಹೇಳುವಾಗ ಮಾತ್ರ ಶುದ್ಧ ಉಚ್ಚಾರಣೆ ಬೇಕೇ ಬೇಕು, ಏಕೆಂದರೆ ಅಲ್ಲಿ ಒಂದಕ್ಷರ ತಪ್ಪಿದರೆ ಸ್ಪರ್ಧಿಗೆ ನಷ್ಟ.

ಮೂರು ಕಡೆ ಗಮನ ಕೊಡಿ. ಮೊದಲನೆಯದು ಹಕಾರ. ‘ಹಾಲು’ ಎನ್ನುವಲ್ಲಿ ‘ಆಲು’ ಆಗುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಅಪಾಯ ಅದನ್ನು ತಿದ್ದಿಕೊಳ್ಳುವ ಆತುರದಲ್ಲಿ ಬೇಡದ ಕಡೆ ಹಕಾರ ಸೇರುವುದು. ‘ಅಕ್ಕಿ’ ‘ಹಕ್ಕಿ’ಯಾದರೆ ಪ್ರಶ್ನೆಯೇ ಬೇರೆಯಾಯಿತು. ‘ಆದರದ ಸ್ವಾಗತ’ದಲ್ಲಿ ಹಕಾರ ಬಂದು ಕೂತರೆ ಅತಿಥಿಗೆ ಅವಮಾನವಾದಂತೆ, ಅಂಥ ಅನುಮಾನ ಇರುವವರು ‘ಪ್ರೀತಿಯ ಸ್ವಾಗತ’ ಎಂದು ಬರೆದುಕೊಳ್ಳುವುದು ಜಾಣತನ. ಎರಡನೆಯದು ಮಹಾಪ್ರಾಣ: ದನ–ಧನ. ಅಂಗೈಯನ್ನು ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಎರಡನ್ನೂ ಹೇಳಿ, ‘ಧ’ಗೆ ಉಸಿರು ಅಂಗೈಗೆ ತಾಗಬೇಕು. ಮೂರನೆಯದು ಶ, ಷ, ಸ. ಅದರಲ್ಲೂ ‘ಶಾಸನಸಭೆ’, ‘ವಿಶೇಷ ಸಂಶೋಧನೆ’ಯಂಥ ಸಾಲುಗಳು. ಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅದೇ ದಿನ ಕೇಳಿದರೆ ತಪ್ಪು ಕಿವಿಗೆ ಬೀಳುವುದಿಲ್ಲ.

ಪ್ರಶ್ನೆ ಓದುವುದರಲ್ಲಿ ಅಂಥ ವಿಶೇಷ ಏನಿದೆ?

ಈ ವೃತ್ತಿಯ ಅರ್ಧಭಾಗ ಇದೇ. ಕನ್ನಡದಲ್ಲಿ ನಿಷೇಧ ವಾಕ್ಯದ ಕೊನೆಗೆ ಬರುತ್ತದೆ. ‘ಇವುಗಳಲ್ಲಿ ಕಾವೇರಿಯ ಉಪನದಿ ಯಾವುದಲ್ಲ?’ ಎಂದು ಓದುವಾಗ ಉಸಿರು ಮುಗಿದು ‘ಅಲ್ಲ’ ಒಳಗೇ ನುಂಗಿಹೋದರೆ ಸ್ಪರ್ಧಿ ತಲೆಕೆಳಗಾಗಿ ಉತ್ತರಿಸುತ್ತಾರೆ, ತಪ್ಪು ನಿಮ್ಮದು, ಹಣ ಹೋಗುವುದು ಅವರದು. ‘ಯಾವುದು’ ಎಂದು ಒಂದು ಕ್ಷಣ ನಿಂತು ‘ಅಲ್ಲ’ ಎನ್ನುವುದನ್ನು ಬಿಡಿಸಿ ಹೇಳಿ.

ಆಯ್ಕೆಗಳನ್ನು ಓದುವಾಗ ನಾಲ್ಕಕ್ಕೂ ಒಂದೇ ವೇಗ, ಒಂದೇ ಏರಿಳಿತ, ನಡುವೆ ಅರ್ಧ ಸೆಕೆಂಡಿನಷ್ಟೇ ವಿರಾಮ. ಸರಿ ಉತ್ತರ ಗೊತ್ತಿರುವ ನಿರೂಪಕರು ಗೊತ್ತಿಲ್ಲದೆಯೇ ಆ ಆಯ್ಕೆಯ ಮೇಲೆ ಒಂದಿಷ್ಟು ಹೆಚ್ಚು ನಿಲ್ಲುತ್ತಾರೆ, ಇಲ್ಲವೇ ಸ್ಪರ್ಧಿಯ ಕಣ್ಣು ನೋಡುತ್ತಾರೆ. ಚುರುಕು ಸ್ಪರ್ಧಿ ಅದನ್ನು ಹಿಡಿಯುತ್ತಾರೆ. ಆದ್ದರಿಂದ ನಿಮ್ಮ ಪರದೆಯಲ್ಲಿ ಉತ್ತರ ಲಾಕ್ ಆದ ಮೇಲಷ್ಟೇ ಕಾಣಿಸುವಂತೆ ಮಾಡಿ ಎಂದು ನೀವೇ ಕೇಳಿಕೊಳ್ಳಿ.

ಇಸವಿಯನ್ನು ‘ಸಾವಿರದ ಒಂಬೈನೂರ ಐವತ್ತಾರು’ ಎನ್ನುವುದೋ, ಇಂಗ್ಲಿಷಿನಲ್ಲಿ ಹೇಳುವುದೋ, ಮೊದಲ ಸಂಚಿಕೆಗೆ ಮುಂಚೆ ನಿರ್ದೇಶಕರ ಜೊತೆ ತೀರ್ಮಾನಿಸಿ, ಕೊನೆಯವರೆಗೆ ಹಾಗೇ ಹೋಗಿ. ಮೊತ್ತವನ್ನು ಜನ ಆಡುವ ಹಾಗೆ ಹೇಳಿ: 12,50,000 ಎಂದರೆ ‘ಹನ್ನೆರಡೂವರೆ ಲಕ್ಷ’.

ಪ್ರಶ್ನೆಯಲ್ಲೇ ದೋಷವಿದ್ದರೆ ಗುರುತಿಸುವುದೂ ನಿಮ್ಮ ಕೆಲಸ. ‘ಮೈಸೂರು ಜಿಲ್ಲೆಯಿಂದ ಬೇರೆಯಾದ ಜಿಲ್ಲೆ ಯಾವುದು?’ ಎಂಬುದಕ್ಕೆ ಎರಡು ಸರಿ ಉತ್ತರಗಳಿವೆ, 1939ರ ಮಂಡ್ಯ ಮತ್ತು 1997ರ ಚಾಮರಾಜನಗರ. ‘ಕೆಆರ್‌ಎಸ್ ಅಣೆಕಟ್ಟೆ ಕಟ್ಟಿದ್ದು ಯಾವಾಗ?’ ಎಂದರೆ ಶುರುವಾದ 1911ನೇ ಇಸವಿಯೋ, ಎರಡು ದಶಕದ ನಂತರ ಮುಗಿದ ವರ್ಷವೋ? ಅದೇ ‘ಕೆಆರ್‌ಎಸ್ ಅಣೆಕಟ್ಟೆ ಯಾವ ಜಿಲ್ಲೆಯಲ್ಲಿದೆ?’ ಎನ್ನುವುದು ಒಳ್ಳೆಯ ಪ್ರಶ್ನೆ: ಬಹಳ ಜನ ಮೈಸೂರು ಎನ್ನುತ್ತಾರೆ, ಅದು ಇರುವುದು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಅನುಮಾನಕ್ಕೆ ಎಡೆಯಿಲ್ಲ.

ಸ್ಪರ್ಧಿಯನ್ನು ಮಾತಾಡಿಸುವುದು ಹೇಗೆ?

‘ಹೇಗನ್ನಿಸ್ತಿದೆ?’ ಎಂದು ಕೇಳಿದರೆ ‘ತುಂಬಾ ಖುಷಿ ಆಗ್ತಿದೆ’ ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಪಾಂಡವಪುರದ ಕಡೆಯ ಆಲೆಮನೆಯವರು ಬಂದಿದ್ದರೆ ‘ಪಾಕ ಹದಕ್ಕೆ ಬಂತು ಅಂತ ಹೆಂಗೆ ಗೊತ್ತಾಗುತ್ತೆ ಅಣ್ಣಾ?’ ಎಂದು ಕೇಳಿ. ಗೊತ್ತಿರುವ ವಿಷಯದ ಬಗ್ಗೆ ಯಾರೂ ತಡವರಿಸುವುದಿಲ್ಲ. ಶೂಟಿಂಗ್‌ಗೆ ಮುಂಚೆ ಸ್ಪರ್ಧಿಗಳು ತುಂಬಿಕೊಡುವ ವಿವರಪತ್ರ ನಿಮ್ಮ ಕೈಗೆ ಬರುತ್ತದೆ. ಅದರಲ್ಲಿ ಒಂದೇ ಸಂಗತಿ ಆರಿಸಿಕೊಳ್ಳಿ. ಸಾವು, ಸಾಲ, ಕಾಯಿಲೆ ಬರೆದಿದ್ದರೆ ಅದನ್ನು ಮಾತಾಡಲು ಒಪ್ಪಿಗೆಯಿದೆಯೇ ಎಂದು ಖುದ್ದಾಗಿ ವಿಚಾರಿಸಿ. ಕಣ್ಣೀರಿಗಾಗಿ ಕೆದಕುವುದು ಕೀಳು ಕೆಲಸ, ತಂಡ ಒತ್ತಾಯಿಸಿದರೂ ಬೇಡ ಎನ್ನಿ.

ಹಿರಿಯರಿಗೆ ಬಹುವಚನ ಬಿಡಬೇಡಿ, ಅವರು ಎಷ್ಟೇ ಸಲಿಗೆ ಕೊಟ್ಟರೂ. ಉತ್ತರ ತಪ್ಪಾದಾಗ ‘ಅಯ್ಯೋ’ ಎಂದು ಉದ್ಗರಿಸದೆ ಸರಿ ಉತ್ತರವನ್ನು ಒಂದು ಸಾಲಿನ ಕಾರಣ ಸೇರಿಸಿ ಹೇಳಿ. ಸೋತವರು ಏನಾದರೂ ತಿಳಿದುಕೊಂಡು ಎದ್ದುಹೋಗಬೇಕು.

ಸ್ಟುಡಿಯೊದಲ್ಲಿ ಒಂದು ದಿನ ಹೇಗಿರುತ್ತದೆ?

ಒಂದು ಗಂಟೆಯ ಸ್ಲಾಟಿನ ಸಂಚಿಕೆ ಶೂಟ್ ಆಗಲು ಎರಡು, ಮೂರು ಗಂಟೆ ಬೇಕು. ಸೆಟ್ ಬಾಡಿಗೆ ದುಬಾರಿ, ಹಾಗಾಗಿ ಒಂದೇ ದಿನ ಹಲವು ಸಂಚಿಕೆ ಮುಗಿಸುತ್ತಾರೆ. ‘ಜೆಪರ್ಡಿ’ಯಲ್ಲಿ ದಿನಕ್ಕೆ ಐದು. ಪ್ರತಿ ಸಂಚಿಕೆಗೂ ಬಟ್ಟೆ ಬದಲು. ಸಣ್ಣ ಚೌಕಳಿ, ಸಣ್ಣ ಗೆರೆ ಕ್ಯಾಮೆರಾದಲ್ಲಿ ನಡುಗುತ್ತವೆ. ಗಂಜಿ ಹಾಕಿದ ಹತ್ತಿ ಸೀರೆ ಸರಸರ ಎಂದು ಲ್ಯಾಪೆಲ್ ಮೈಕಿಗೆ ಕೇಳಿಸುತ್ತದೆ, ಮೈಸೂರು ರೇಷ್ಮೆ ಆ ತೊಂದರೆ ಕೊಡುವುದು ಕಡಿಮೆ. ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುತ್ತಾರೆ. ಉದ್ದನೆಯ ಸರ, ಬಳೆ ಅದಕ್ಕೆ ಬಡಿಯದಂತೆ ನೋಡಿಕೊಳ್ಳಿ.

ಸಂಚಿಕೆ ಪ್ರಸಾರವಾಗುವುದು ವಾರಗಳ ನಂತರ. ‘ಇವತ್ತು ಎಂಥ ಮಳೆ’, ‘ನಿನ್ನೆಯ ಮ್ಯಾಚ್’ ಎಂದರೆ ಎಡಿಟಿಂಗ್‌ನಲ್ಲಿ ಕತ್ತರಿಸಬೇಕಾಗುತ್ತದೆ, ಆ ಜೊತೆಗೆ ಸ್ಪರ್ಧಿಯ ಒಳ್ಳೆಯ ಮಾತೂ ಹೋಗುತ್ತದೆ.

ಎಲ್ಲಕ್ಕಿಂತ ಕಷ್ಟ ಕಿವಿಯೊಳಗಿನ ಇಯರ್‌ಪೀಸ್. ಸ್ಪರ್ಧಿ ಮಾತಾಡುತ್ತಿರುವಾಗಲೇ ಕಂಟ್ರೋಲ್ ರೂಮಿನಿಂದ ‘ಇಪ್ಪತ್ತು ಸೆಕೆಂಡ್’, ‘ಕ್ಯಾಮೆರಾ ಮೂರು ನೋಡಿ’ ಎಂಬ ಸೂಚನೆ ಬರುತ್ತಿರುತ್ತದೆ. ಹೊಸಬರ ಕಣ್ಣು ಆ ಕ್ಷಣ ಖಾಲಿಯಾಗುತ್ತದೆ, ಕ್ಯಾಮೆರಾ ಅದನ್ನು ಬಚ್ಚಿಡುವುದಿಲ್ಲ. ಮನೆಯಲ್ಲಿ ಅಭ್ಯಾಸ ಹೀಗೆ: ಒಂದು ಕಿವಿಗೆ ಇಯರ್‌ಫೋನ್ ಹಾಕಿ ರೇಡಿಯೊ ವಾರ್ತೆ ಹಚ್ಚಿ, ಬಾಯಲ್ಲಿ ಪತ್ರಿಕೆ ಓದಿ. ಐದು ನಿಮಿಷದ ನಂತರ ವಾರ್ತೆಯ ಮೂರು ಮುಖ್ಯಾಂಶ ಹೇಳಲು ಬರಬೇಕು. ಕೆಲವು ವಾರ ಬಿಡದೆ ಮಾಡಿದರೆ ಹಿಡಿತ ಸಿಗುತ್ತದೆ.

ನಿಯಮದ ಗಲಾಟೆ ಬಂದರೆ?

ನೀವೇ ತೀರ್ಪು ಕೊಡಬೇಡಿ. ಆಟ ನಿಲ್ಲಿಸಿ, ನಿಯಮ ನೋಡಿಕೊಳ್ಳುವವರ ಮಾತಿಗೆ ಕಾಯಿರಿ, ಆಮೇಲೆ ತೀರ್ಮಾನವನ್ನು ಎಲ್ಲರಿಗೂ ಕೇಳುವಂತೆ ಹೇಳಿ. ಸುಳಿವು ಕೊಡು, ಇಂಥವರು ಇನ್ನೊಂದು ಸುತ್ತು ಉಳಿಯಲಿ ಎಂದು ಯಾರಾದರೂ ಹೇಳಿದರೆ ಒಪ್ಪಲೇಬಾರದು. ಅಮೆರಿಕದ ‘ಟ್ವೆಂಟಿ ಒನ್’ ಕ್ವಿಜ್‌ನಲ್ಲಿ ಸ್ಪರ್ಧಿಗಳಿಗೆ ಮೊದಲೇ ಉತ್ತರ ಹೇಳಿಕೊಟ್ಟದ್ದು 1950ರ ದಶಕದ ಕೊನೆಯಲ್ಲಿ ಬಯಲಾಗಿ, ದೊಡ್ಡ ದೊಡ್ಡ ಕ್ವಿಜ್‌ಗಳು ಮುಚ್ಚಿದವು. 1960ರಲ್ಲಿ ಅಂಥ ಮೋಸವನ್ನು ಅಪರಾಧವಾಗಿಸುವ ಕಾನೂನೇ ಬಂತು.

ಉದ್ಘೋಷಣೆಯ ಮಾದರಿಯನ್ನು ಮನೆಯಲ್ಲೇ ರೆಕಾರ್ಡ್ ಮಾಡಬಹುದೆ?

ಧಾರಾಳವಾಗಿ. ಬಟ್ಟೆ ತುಂಬಿದ ಬೀರು, ದಪ್ಪ ಪರದೆ, ಹಾಸಿಗೆ ಇರುವ ಚಿಕ್ಕ ಕೋಣೆ ಸಾಕು. ಖಾಲಿ ಗೋಡೆ, ಬರಿ ನೆಲ ಇದ್ದರೆ ದನಿ ಮಾರ್ದನಿಸುತ್ತದೆ. ಫ್ಯಾನ್, ಫ್ರಿಜ್ ಆರಿಸಿ. ಬೆಳಗಿನ ಐದು ಗಂಟೆಯ ಹೊತ್ತು ರಸ್ತೆ ಶಾಂತ. ಬಾಯಿಂದ ಮೈಕಿಗೆ ಒಂದು ಗೇಣು, ಮೈಕ್ ಸ್ವಲ್ಪ ಓರೆ, ನಡುವೆ ಪಾಪ್ ಫಿಲ್ಟರ್. ಇಲ್ಲವಾದರೆ ‘ಪ’, ‘ಬ’, ‘ಭ’ ಬಂದಾಗಲೆಲ್ಲ ಗುಮ್ಮೆನ್ನುತ್ತದೆ. ರೆಕಾರ್ಡಿಂಗ್ ಸೆಟಿಂಗ್ 48 ಕಿಲೊಹರ್ಟ್ಸ್, 24 ಬಿಟ್, ವೇವ್ (WAV) ಫೈಲ್. ಗಟ್ಟಿ ದನಿ ರೆಕಾರ್ಡಿಂಗ್ ಮೀಟರಿನಲ್ಲಿ ಮೈನಸ್ 6 ಡೆಸಿಬಲ್ ಆಸುಪಾಸಿನಲ್ಲಿರಲಿ. ಪ್ರತಿಧ್ವನಿ, ಹಿನ್ನೆಲೆ ಸಂಗೀತ ಸೇರಿಸಬೇಡಿ, ಕೇಳುವವರಿಗೆ ಬೇಕಿರುವುದು ಬರಿ ದನಿ.

ವೇಗ ನಿಮಿಷಕ್ಕೆ 100ರಿಂದ 120 ಪದ. ಅಂದರೆ 15 ಸೆಕೆಂಡಿನ ಬಹುಮಾನದ ಸಾಲಿಗೆ 25ರಿಂದ 30 ಪದ ಮಾತ್ರ ಹಿಡಿಯುತ್ತದೆ. ಬರೆದುಕೊಟ್ಟವರು 45 ಪದ ತುರುಕಿದ್ದರೆ ಓಡಿಸಿ ಓದಬೇಡಿ, ಕಡಿಮೆ ಮಾಡಲು ಕೇಳಿ. ಇಂಗ್ಲಿಷಿನ ಲೆಕ್ಕ ಕನ್ನಡಕ್ಕೆ ಹೊಂದುವುದಿಲ್ಲ, ನಮ್ಮ ಒಂದೊಂದು ಪದವೂ ಪ್ರತ್ಯಯ ಹೊತ್ತು ಉದ್ದವಾಗಿರುತ್ತದೆ.

ಆಡಿಷನ್‌ಗೆ ಏನು ಕಳಿಸಬೇಕು?

ಎರಡು ನಿಮಿಷ ದಾಟದ ಒಂದು ವಿಡಿಯೊ. ಮೊದಲ ಹತ್ತು ಸೆಕೆಂಡಿನಲ್ಲೇ ನಿಮ್ಮ ಮುಖ, ಮಾತು ಬರಲಿ. ಗ್ರಾಫಿಕ್ಸ್, ಹೆಸರಿನ ಮೆರವಣಿಗೆ ಬೇಡ. ಒಬ್ಬ ಅಪರಿಚಿತರನ್ನು ಮಾತಾಡಿಸುತ್ತಿರುವ ತುಣುಕು ಇರಲೇಬೇಕು. ದೇವರಾಜ ಮಾರುಕಟ್ಟೆಯಲ್ಲೋ ಮಂಡ್ಯದ ಬಸ್ ನಿಲ್ದಾಣದಲ್ಲೋ ಒಪ್ಪಿಗೆ ಪಡೆದು ನಾಲ್ಕು ಪ್ರಶ್ನೆಯ ಪುಟ್ಟ ಆಟ ಆಡಿಸಿ. ಕ್ಯಾಮೆರಾ ನೋಡಿ ಒಬ್ಬರೇ ಮಾತಾಡಿದ ವಿಡಿಯೊ ಎಷ್ಟು ಚಂದವಿದ್ದರೂ, ನೀವು ಕೇಳಿಸಿಕೊಳ್ಳಬಲ್ಲಿರಾ ಎಂಬುದು ಅದರಿಂದ ಗೊತ್ತಾಗುವುದಿಲ್ಲ.

ಆಡಿಷನ್‌ಗೆ, ‘ಆಯ್ಕೆ ಖಾತ್ರಿ’ಗೆ ಹಣ ಕೇಳುವವರಿಂದ ದೂರವಿರಿ. ಕೆಲಸ ಕೊಡುವವರು ನಿಮಗೆ ಹಣ ಕೊಡಬೇಕು.

ಸಂಭಾವನೆ, ಕರಾರು ಹೇಗೆ?

ಸಂಚಿಕೆಗೆ ಇಷ್ಟು ಎಂದೋ, ಶೂಟಿಂಗ್ ದಿನಕ್ಕೆ ಇಷ್ಟು ಎಂದೋ ಮಾತಾಗುತ್ತದೆ. ದಿನದ ಲೆಕ್ಕವಾದರೆ ಗಂಟೆಗಳ ಮಿತಿ ಬರೆಸಿ, ಇಲ್ಲದಿದ್ದರೆ ಒಂದು ದಿನ ಹದಿನಾರು ಗಂಟೆಗೆ ಬೆಳೆಯುತ್ತದೆ. ಹಣ ಎಷ್ಟು ದಿನದೊಳಗೆ ಬರುತ್ತದೆ, ಶೂಟಿಂಗ್ ರದ್ದಾದರೆ ಏನು, ಬೇರೆ ವಾಹಿನಿಯಲ್ಲಿ ಎಷ್ಟು ತಿಂಗಳು ಕಾಣಿಸಿಕೊಳ್ಳಬಾರದು, ಮರುಪ್ರಸಾರ ಮತ್ತು ಆ್ಯಪ್‌ಗಳಲ್ಲಿ ಬಂದರೆ ಹೆಚ್ಚಿನ ಹಣ ಇದೆಯೇ, ಊರಿಂದ ಓಡಾಟ ಮತ್ತು ವಸತಿ ಯಾರ ಖರ್ಚು, ಇವಿಷ್ಟೂ ಸಹಿಗೆ ಮುಂಚೆ ಕಾಗದದಲ್ಲಿರಲಿ. ಕೈಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ಶೇ 10 ಟಿಡಿಎಸ್ (ಹಣ ಕೊಡುವವರೇ ಮೊದಲು ಹಿಡಿದುಕೊಳ್ಳುವ ತೆರಿಗೆ) ಮುರಿದುಕೊಂಡಿರುತ್ತಾರೆ, ರಿಟರ್ನ್ ಸಲ್ಲಿಸುವಾಗ ಲೆಕ್ಕಕ್ಕೆ ಸಿಗುತ್ತದೆ. ಉದ್ಘೋಷಕರು ಇನ್ನೊಂದು ಸಾಲು ಸೇರಿಸಿ: ನನ್ನ ದನಿಯನ್ನು ಎಐ ಮೂಲಕ ನಕಲು ಮಾಡಿ ಬಳಸುವಂತಿಲ್ಲ. ಒಮ್ಮೆ ಕೊಟ್ಟ ದನಿಯನ್ನು ವಾಪಸು ಪಡೆಯಲು ಆಗುವುದಿಲ್ಲ.

ಸ್ಪರ್ಧಿಯ ಬಹುಮಾನದ ತೆರಿಗೆ ನಿರೂಪಕರಿಗೇಕೆ ಗೊತ್ತಿರಬೇಕು?

‘ಹತ್ತು ಲಕ್ಷ ನಿಮ್ಮದಾಯಿತು’ ಎಂದು ಹೇಳುವವರು ನೀವು. ಗೇಮ್ ಶೋ ಗೆಲುವಿನ ಮೇಲೆ ಶೇ 30 ತೆರಿಗೆ, ಆ ತೆರಿಗೆಯ ಮೇಲೆ ಶೇ 4 ಸೆಸ್. ಹತ್ತು ಲಕ್ಷಕ್ಕೆ ಒಟ್ಟು 3,12,000 ರೂಪಾಯಿ. ಬೇರೆ ಆದಾಯವೇ ಇಲ್ಲದ ಗೃಹಿಣಿಗೂ ಇಷ್ಟೇ, ಇದಕ್ಕೆ ಮೂಲ ವಿನಾಯಿತಿ ಅನ್ವಯಿಸುವುದಿಲ್ಲ. ಕಾರು, ಸ್ಕೂಟರಿನಂಥ ವಸ್ತುವಾದರೆ ತೆರಿಗೆ ಕಟ್ಟಿದ ಮೇಲೆ ಕೀಲಿ ಕೊಡಬೇಕು. ಶೂಟಿಂಗ್‌ಗೆ ಮುಂಚೆಯೇ ಸ್ಪರ್ಧಿಗಳಿಗೆ ಇದನ್ನು ತಿಳಿಸಲಾಗಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಗಂಟಲು ಕಾಪಾಡಿಕೊಳ್ಳುವುದು ಹೇಗೆ?

ಗುಟುಕು ಗುಟುಕಾಗಿ ನೀರು, ದಿನವಿಡೀ. ಕ್ಯಾಕರಿಸಿ ಗಂಟಲು ಸರಿಮಾಡಿಕೊಳ್ಳುವ ಚಾಳಿ ಬಿಡಿ, ಧ್ವನಿತಂತುಗಳು ಒಂದಕ್ಕೊಂದು ಬಡಿದು ಊದಿಕೊಳ್ಳುತ್ತವೆ. ಉಗುಳು ನುಂಗಿದರೆ ಸಾಕು. ಪಿಸುಮಾತು ವಿಶ್ರಾಂತಿಯಲ್ಲ, ಸುಮ್ಮನಿರುವುದೇ ವಿಶ್ರಾಂತಿ. ದನಿ ಒಡೆದು ಎರಡು, ಮೂರು ವಾರವಾದರೂ ಸರಿಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ, ದನಿಯ ತೊಂದರೆಗಳಿಗೆ ಅಲ್ಲಿ ತಜ್ಞರಿಂದ ಪರೀಕ್ಷೆ, ಚಿಕಿತ್ಸೆ ಸಿಗುತ್ತದೆ. ದೇಶದ ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬರುವ ಜಾಗ ಊರಲ್ಲೇ ಇರುವಾಗ ತಡಮಾಡಬೇಡಿ.

ಬೆಂಗಳೂರಿಗೆ ಹೋಗಿ ನೆಲೆಸಲೇಬೇಕೆ?

ಆರಂಭದಲ್ಲಿ ಬೇಡ. ವಾಹಿನಿಗಳು, ಸೆಟ್‌ಗಳು ಅಲ್ಲಿಯೇ ಇದ್ದರೂ ಮಂಡ್ಯದಿಂದ ಸುಮಾರು 100, ಮೈಸೂರಿನಿಂದ 145 ಕಿಲೊಮೀಟರ್. ಆಡಿಷನ್‌ಗೆ ಹೋಗಿ ಸಂಜೆಗೆ ವಾಪಸಾಗಬಹುದು. ಬೆಳಿಗ್ಗೆ ಏಳಕ್ಕೆ ಕಾಲ್ ಟೈಮ್ (ಸೆಟ್‌ನಲ್ಲಿ ಹಾಜರಿರಬೇಕಾದ ಹೊತ್ತು) ಇದ್ದರೆ ಮಾತ್ರ ಹಿಂದಿನ ರಾತ್ರಿಯೇ ಹೋಗಿ ಮಲಗಿ. ನಿದ್ದೆಗೆಟ್ಟ ದನಿಯನ್ನು ಯಾವ ಮೇಕಪ್ಪೂ ಮುಚ್ಚುವುದಿಲ್ಲ. ತಿಂಗಳಲ್ಲಿ ಎಂಟು, ಹತ್ತು ದಿನ ಅಲ್ಲೇ ಕೆಲಸ ಬೀಳತೊಡಗಿದ ಮೇಲೆ ಮನೆ ಹುಡುಕಿದರೆ ಸಾಕು.

ವಯಸ್ಸಿನ ಮಿತಿ ಇದೆಯೆ?

ತೆರೆಯ ಮೇಲಿನ ಮುಖಕ್ಕೆ ವಾಹಿನಿಗಳು ವಯಸ್ಸು ನೋಡುವುದುಂಟು. ದನಿಗೆ ನೋಡುವುದಿಲ್ಲ. 1924ರಲ್ಲಿ ಹುಟ್ಟಿದ ಜಾನಿ ಗಿಲ್ಬರ್ಟ್ ನೂರು ತುಂಬುವಾಗಲೂ ‘ಜೆಪರ್ಡಿ’ಯ ಉದ್ಘೋಷಕರಾಗಿಯೇ ಇದ್ದರು.